ಅಟ್ಟದ ಬಲದ ಮೇಲೆ ನಿಂತ ಊರು

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೊರಟ ರೈಲು ಗುಬ್ಬಿ ದಾಟಿತೆಂದರೆ ಕಿಟಕಿಯ ಎರಡೂ ಬದಿಗೆ ತೆಂಗಿನ ತೋಟಗಳು ಶುರುವಾಗುತ್ತವೆ. ಅರಸೀಕೆರೆಯವರೆಗೂ ಅವು ಬೆನ್ನು ಬಿಡುವುದಿಲ್ಲ. ನಡುನಡುವೆ ರಾಗಿ ಹೊಲ, ಬೋಳು ಗುಡ್ಡ, ಅರ್ಧ ತುಂಬಿದ ಕೆರೆ, ಮತ್ತೆ ತೆಂಗು. ನೆಲ ನೋಡಿದರೆ ಇಲ್ಲಿ ಇಷ್ಟು ತೆಂಗು ಹೇಗೆ ಬಂತು ಎಂದು ಅಚ್ಚರಿಯಾಗಬೇಕು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಈ ಬಯಲುಸೀಮೆಯಲ್ಲಿ ಆರೇಳು ನೂರು ಮಿಲಿಮೀಟರ್ ಬಿದ್ದರೆ ಅದು ಒಳ್ಳೆಯ ವರ್ಷ. ನೀರಿನ ಲೆಕ್ಕದಲ್ಲಿ ಇದು ತೆಂಗಿನ ಸೀಮೆಯೇ ಅಲ್ಲ. ಆದರೂ ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ಬಂದಿರುವುದು ಇದೇ ಮರದಿಂದ.

ಇದರ ಗುಟ್ಟು ಗಾಳಿಯಲ್ಲಿದೆ. ಕೇರಳದ, ಕರಾವಳಿಯ ತೇವದ ಹವೆಯಲ್ಲಿ ಇಡೀ ಕಾಯಿಯನ್ನು ತಿಂಗಳುಗಟ್ಟಲೆ ಕೂಡಿಟ್ಟು ಒಣಗಿಸುವುದು ಕಷ್ಟ. ಬೂಸಲು ಹಿಡಿಯುತ್ತದೆ, ಕೊಳೆಯುತ್ತದೆ. ಅಲ್ಲಿನವರು ಕಾಯಿ ಒಡೆದು ಹೋಳು ಮಾಡಿ, ಬಿಸಿಲಿಗೋ ಗೂಡಿನ ಹೊಗೆಗೋ ಹಾಕಿ ಒಣಗಿಸುತ್ತಾರೆ. ಆ ಕೊಬ್ಬರಿ ಎಣ್ಣೆ ಗಾಣಕ್ಕೆ ಹೋಗುತ್ತದೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಮಾತ್ರ ಕಾಯಿ ಸಿಪ್ಪೆಯೊಳಗೇ, ಚಿಪ್ಪಿನೊಳಗೇ, ಒಡೆಯದೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ದೇಶದ ಉಂಡೆ ಕೊಬ್ಬರಿಯ ಬಹುಪಾಲು ಕರ್ನಾಟಕದ್ದು. ಅದರ ದೊಡ್ಡ ಮಾರುಕಟ್ಟೆ ತಿಪಟೂರು. ಮಳೆ ಕಡಿಮೆಯೆಂಬ ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಊರು ಇದು. ಸಣ್ಣ ಊರುಗಳ ಬದುಕನ್ನು ಅರಿಯಬೇಕೆನ್ನುವವರು ಮೊದಲು ಇಲ್ಲಿಗೆ ಬರಬೇಕು ಎಂದು ನಾನು ಹೇಳುವುದು ಅದಕ್ಕೇ.

ತಿಪಟೂರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಎಲ್ಲ ತಾಲ್ಲೂಕು ಕೇಂದ್ರಗಳಂತೆಯೇ ಕಾಣುತ್ತದೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಗೊಬ್ಬರದ ಅಂಗಡಿ, ಬೈಕ್ ಶೋರೂಂ, ಕಾಲೇಜು ಮುಗಿಸಿ ಬಸ್ಸಿಗೆ ಕಾದ ಹುಡುಗ ಹುಡುಗಿಯರು, ಗ್ರಾಮದೇವತೆ ಕೆಂಪಮ್ಮನ ಗುಡಿ. ಈ ಊರಿನ ಬುಡ ಕಾಣಬೇಕಾದರೆ ಹಳ್ಳಿಗೆ ಹೋಗಿ ಅಟ್ಟ ಹತ್ತಬೇಕು.

ಹಿಂದೆ ಅಟ್ಟ ಮನೆಯೊಳಗೇ ಇತ್ತು. ತೊಲೆಗಳ ಮೇಲೆ ಬಿದಿರಿನದೋ ಅಡಿಕೆಯದೋ ದಬ್ಬೆ ಹಾಸಿ, ನಡುವೆ ಗಾಳಿಯಾಡಲು ಸಂದು ಬಿಟ್ಟು, ಅದರ ಮೇಲೆ ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ರಾಶಿ ಹಾಕುತ್ತಿದ್ದರು. ಕೆಳಗಿನ ಒಲೆಯ ಹೊಗೆ, ಶಾಖ ಮೇಲೇರಿ ಕಾಯಿಯನ್ನು ಕಾಯುತ್ತಿತ್ತು. ಈಗ ಅಡುಗೆಮನೆಗೆ ಗ್ಯಾಸ್ ಬಂದು ಅಟ್ಟ ತೋಟಕ್ಕೆ ಹೋಗಿದೆ. ಕಲ್ಲು ಕಂಬ, ತಗಡಿನ ಸೂರು, ಸುತ್ತ ಜಾಲರಿ ಇರುವ ಕೊಬ್ಬರಿ ಶೆಡ್ಡು ಪ್ರತಿ ತೋಟದಲ್ಲೂ ಕಾಣುತ್ತದೆ. ಜಾಗ ಬದಲಾದರೂ ಕ್ರಮ ಅದೇ. ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಕಾಯಿ ಅಲ್ಲಿ ಕೂರಬೇಕು. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ. ತಿರುಳು ಗಟ್ಟಿಯಾಗಿ, ಕುಗ್ಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಮೊದಮೊದಲು ಕಾಯಿ ಅಲ್ಲಾಡಿಸಿದರೆ ನೀರಿನ ಸದ್ದು ಬರುತ್ತದೆ; ಆಮೇಲೆ ಸದ್ದೇ ಇರುವುದಿಲ್ಲ; ಕೊನೆಗೊಂದು ದಿನ ಒಳಗೆ ಗಟ್ಟಿ ಉಂಡೆ ಚಿಪ್ಪಿಗೆ ಬಡಿದು ಗಡಗಡ ಎನ್ನುತ್ತದೆ. ಆಗ ಕೊಬ್ಬರಿ ಆಯಿತು.

ಆ ಸದ್ದನ್ನು ನಂಬಿಯೇ ಸುಲಿಯುವುದು. ಒಂದು ತಿಂಗಳು ಮುಂಚೆ ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಹರಿಯುತ್ತದೆ. ಸೂರು ಸೋರಿ ತೇವ ತಗುಲಿದರೆ, ಗಾಳಿಯಾಡದೆ ಒತ್ತಾಗಿ ತುಂಬಿದರೆ ಕೌಟು ಹಿಡಿಯುತ್ತದೆ, ಮಂಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಇಲಿ, ಅಳಿಲು ನೋಡಿಕೊಳ್ಳಬೇಕು. ಈ ಇಡೀ ಕಾಯುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದ್ದು. ಯಾವ ರಾಶಿ ಯಾವ ತಿಂಗಳದ್ದು, ಯಾವುದು ಮೊದಲು ಸುಲಿಯಬೇಕು ಎಂಬುದು ಅವರ ನೆನಪಿನಲ್ಲಿರುತ್ತದೆ. ಪಹಣಿಯಲ್ಲಿ ಅವರ ಹೆಸರು ಇರುವುದು ಅಪರೂಪ. ಸರ್ಕಾರದ ಖರೀದಿ ಕೇಂದ್ರದ ಸಾಲಿನಲ್ಲಿ ಅವರು ಕಾಣದಿರುವುದಕ್ಕೂ ಇದೇ ಕಾರಣ.

ಕಾಲದ ಲೆಕ್ಕವನ್ನು ಇನ್ನಷ್ಟು ಹಿಂದಕ್ಕೆ ಒಯ್ಯಬೇಕು. ತೆಂಗಿನ ಮರದೊಳಗೆ ಹೊಂಬಾಳೆಯ ಮೊಳಕೆ ಹುಟ್ಟಿದಾಗಿನಿಂದ ಅದರ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಹಿಡಿಯುತ್ತದೆ ಎಂದು ತೆಂಗಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಹೊರಗೆ ಕಣ್ಣಿಗೆ ಕಾಣುವುದು ಹೊಂಬಾಳೆ ಒಡೆದ ನಂತರದ ಹನ್ನೊಂದು ಹನ್ನೆರಡು ತಿಂಗಳು ಮಾತ್ರ. ಉಳಿದದ್ದೆಲ್ಲ ಮರದ ಸುಳಿಯೊಳಗೆ ನಡೆಯುತ್ತದೆ. ಇದಕ್ಕೆ ಅಟ್ಟದ ತಿಂಗಳುಗಳನ್ನು ಸೇರಿಸಿದರೆ ಇವತ್ತು ಮಂಡಿಗೆ ಬಂದ ಕೊಬ್ಬರಿ ನಾಲ್ಕೂವರೆ ವರ್ಷದ ಹಿಂದೆ ಮರದಲ್ಲಿ ಮೊಳೆತದ್ದು. ಈ ಒಂದು ಸಂಗತಿ ತಿಳಿದರೆ ಈ ಸೀಮೆಯ ಸುಖದುಃಖ ಅರ್ಧ ತಿಳಿದಂತೆ. ಬರ ಬಂದ ವರ್ಷ ತೆಂಗು ಬೆಳೆಗಾರ ಪೂರ್ತಿ ಸೋಲುವುದಿಲ್ಲ. ಅವನ ಅಟ್ಟದಲ್ಲಿ ಹಳೆಯ ಕಾಯಿ ಇರುತ್ತದೆ. ಅವನು ಸೋಲುವುದು ಮಳೆ ಚೆನ್ನಾಗಿ ಬಂದು, ಪತ್ರಿಕೆಗಳು ಬರವನ್ನು ಮರೆತ ಮೇಲೆ. ಆಗ ಗೊನೆಯಲ್ಲಿ ಕಾಯಿ ನಿಲ್ಲುವುದಿಲ್ಲ, ಹರಳು ಉದುರುತ್ತವೆ, ನಿಂತ ಕಾಯಿಯೂ ಸಣ್ಣದಾಗುತ್ತದೆ. ನಮ್ಮ ಬರ ಪರಿಹಾರದ ಪದ್ಧತಿ ರಾಗಿ, ಜೋಳದ ಋತುವಿಗೆ ಹೊಂದಿಕೊಂಡದ್ದು. ಎರಡು ವರ್ಷ ತಡವಾಗಿ ಬೀಳುವ ಈ ಪೆಟ್ಟನ್ನು ಅಳೆಯುವ ಕೋಲು ಅದರಲ್ಲಿಲ್ಲ.

ಅಟ್ಟದಲ್ಲಿರುವ ಕಾಯಿ ಈ ಭಾಗದ ರೈತನ ಉಳಿತಾಯ ಖಾತೆ. ತೆಂಗು ವರ್ಷವಿಡೀ ಕಾಯಿ ಕೊಡುವ ಮರವಾದ್ದರಿಂದ ಒಂದೂವರೆ ಎರಡು ತಿಂಗಳಿಗೊಮ್ಮೆ ಹೊಸ ಕಾಯಿ ಅಟ್ಟ ಸೇರುತ್ತದೆ. ಮಗಳ ಮದುವೆ, ಮಗನ ಕಾಲೇಜಿನ ಫೀಸು, ಆಸ್ಪತ್ರೆ, ಕೊಳವೆಬಾವಿ ಕೊರೆಸುವುದು, ಯಾವುದೇ ಖರ್ಚು ಬಂದರೂ ಮನೆಯವರ ಮೊದಲ ಮಾತು ‘ಅಟ್ಟದಲ್ಲಿ ಎಷ್ಟಿದೆ?’ ಎಂಬುದೇ. ಟೊಮೆಟೊ ಬೆಳೆದವನು ಬೆಲೆ ಬಿದ್ದ ದಿನವೂ ಮಾರಲೇಬೇಕು. ಉಂಡೆ ಕೊಬ್ಬರಿಯವನು ಒಂದೆರಡು ತಿಂಗಳು ತಡೆಯಬಲ್ಲ. ‘ಇನ್ನೂ ಸ್ವಲ್ಪ ದಿನ ನೋಡೋಣ’ ಎನ್ನುವ ಶಕ್ತಿ ನಮ್ಮ ದೇಶದ ರೈತನಿಗೆ ಸಿಗುವುದು ಅಪರೂಪ. ಅಟ್ಟ ಅದನ್ನು ಕೊಟ್ಟಿತ್ತು. ಆ ಶಕ್ತಿಯಿಂದಲೇ ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಅರಸೀಕೆರೆ, ಹೊಸದುರ್ಗದಂಥ ಊರುಗಳ ಅಂಗಡಿಬೀದಿಗಳು ಬೆಳೆದವು, ಹಳ್ಳಿಯ ಮಕ್ಕಳು ಎಂಜಿನಿಯರಿಂಗ್ ಓದಿದರು.

ವಾರಕ್ಕೆರಡು ದಿನ ಮಾರುಕಟ್ಟೆ ಪ್ರಾಂಗಣದಲ್ಲಿ ಕೊಬ್ಬರಿಯ ವ್ಯಾಪಾರ. ಟ್ರ್ಯಾಕ್ಟರ್, ಟೆಂಪೊ, ಬೈಕಿನ ಹಿಂದಿನ ಸೀಟು, ಎಲ್ಲದರಲ್ಲೂ ಚೀಲ ಬರುತ್ತವೆ. ಮಂಡಿಯ ಮುಂದೆ ಕೊಬ್ಬರಿ ಸುರಿದು ಹೆಂಗಸರು ದಪ್ಪ, ಮಧ್ಯಮ, ಸಣ್ಣ, ಒಡಕು ಎಂದು ಆರಿಸುತ್ತಾರೆ. ಆ ಹೊತ್ತಿನ ವಾಸನೆ, ಎಣ್ಣೆ, ಗೋಣಿ, ಹೊಗೆ ಎಲ್ಲ ಕಲೆತದ್ದು, ತಿಪಟೂರಿನಲ್ಲಿ ಬೆಳೆದವರಿಗೆ ಎಲ್ಲಿದ್ದರೂ ಮರೆಯುವುದಿಲ್ಲ. ಹಿಂದೆ ಚೀಟಿಯಲ್ಲಿ ಬೆಲೆ ಬರೆದು ಹಾಕುತ್ತಿದ್ದ ಟೆಂಡರ್ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. 2014ರಿಂದೀಚೆಗೆ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಕೆಲಸ ನಡೆದಿದೆ. ಇದರಿಂದ ಅನುಕೂಲವಾಗಿದೆ ಎಂಬುದು ನಿಜ. ಆದರೆ ಮಂಡಿಯವರಿಂದ ಮುಂಗಡ ತಂದ ರೈತನಿಗೆ ಪರದೆಯ ಮೇಲಿನ ಬೆಲೆಯಷ್ಟೇ ಮುಖ್ಯವಾಗಿ ಹಳೆಯ ಋಣವೂ ಇರುತ್ತದೆ. ಯಾರಿಂದ ಸಾಲ ತಂದನೋ ಅವರ ಮಂಡಿಗೇ ಚೀಲ ಇಳಿಸಬೇಕು. ತಿಪಟೂರಿನಲ್ಲಿ ನಿಂತ ಬೆಲೆಯನ್ನೇ ಸುತ್ತಲಿನ ಮಾರುಕಟ್ಟೆಗಳು ನೋಡುತ್ತವೆ. ಇಲ್ಲಿಂದ ಲಾರಿ ಹತ್ತಿದ ಕೊಬ್ಬರಿ ಉತ್ತರ ಭಾರತದ ಊರುಗಳಿಗೆ ಹೋಗಿ, ಅಲ್ಲಿ ಬಾದಾಮಿ, ದ್ರಾಕ್ಷಿಯ ಜೊತೆ ಒಣಹಣ್ಣಾಗಿ, ಮದುವೆ, ಹಬ್ಬದ ಮಡಿಲಿಗೆ ಸೇರುತ್ತದೆ. ನಮ್ಮಲ್ಲಿ ಚಟ್ನಿಪುಡಿ, ಹೋಳಿಗೆ ಸಾರು, ಕೊಬ್ಬರಿ ಮಿಠಾಯಿಗೆ ಬಳಕೆಯಾಗುವುದು ಇದರ ಸಣ್ಣ ಪಾಲು. ದೂರದ ಹಬ್ಬಗಳ ಪಂಚಾಂಗವನ್ನು ಇಲ್ಲಿನ ವರ್ತಕರು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಕೊಬ್ಬರಿ ತೆಗೆದ ಮೇಲೆ ಉಳಿದದ್ದೂ ಊರಿಗೆ ಅನ್ನ ಕೊಡುತ್ತದೆ. ಸಿಪ್ಪೆ ನಾರಿನ ಮಿಲ್ಲಿಗೆ, ನಾರಿನ ಪುಡಿ ನರ್ಸರಿಗಳಿಗೆ, ಚಿಪ್ಪು ಇದ್ದಿಲಿನ ಗೂಡಿಗೆ, ಗರಿ ಪೊರಕೆಗೆ. ಹಸಿ ಕಾಯಿಯನ್ನು ತುರಿದು ಒಣಗಿಸಿ ಪುಡಿ ಮಾಡುವ ಕಾರ್ಖಾನೆಗಳೂ ಈ ಭಾಗದಲ್ಲಿವೆ. ಅಲ್ಲಿ ಸಾಲಾಗಿ ಕೂತ ಹೆಂಗಸರು ತಿರುಳಿನ ಕಂದು ಸಿಪ್ಪೆಯನ್ನು ಬೆಳಗಿನಿಂದ ಸಂಜೆಯವರೆಗೆ ಹೆರೆಯುತ್ತಾರೆ. ತೆಂಗಿನ ಒಂದು ಕಾಯಿ ಎಷ್ಟು ಕೈ ದಾಟುತ್ತದೆ ಎಂದು ಎಣಿಸುತ್ತ ಹೋದರೆ, ಎಕರೆ ಭೂಮಿಯೂ ಇಲ್ಲದ ಎಷ್ಟು ಮನೆಗಳು ಆ ಮರದ ನೆರಳಲ್ಲಿವೆ ಎಂಬುದು ಗೊತ್ತಾಗುತ್ತದೆ. ತೆಂಗಿನ ಬಗ್ಗೆ ಮಾತಾಡುವಾಗ ತೋಟದ ಮಾಲೀಕನನ್ನು ಮಾತ್ರ ರೈತ ಎಂದು ಕರೆದು ಮುಗಿಸುವುದು ಸರಿಯಲ್ಲ.

ನೀರಿನ ಕಥೆಯನ್ನು ಬಿಟ್ಟು ಈ ತೋಟಗಳ ಕಥೆ ಇಲ್ಲ. ಹಿಂದೆ ತೆಂಗು ಕೆರೆಯ ಹಿಂದಿನ ಬಯಲಿನಲ್ಲಿ, ಹಳ್ಳದ ದಂಡೆಯಲ್ಲಿ, ನೆಲದಡಿಯ ತೇವ ಸಿಗುವಲ್ಲಿ ಮಾತ್ರ ಇತ್ತು. ಮೇಲಿನ ಹೊಲ ರಾಗಿಗೆ, ಹುರುಳಿಗೆ, ಅವರೆಗೆ ಮೀಸಲು. ಕಾವಲುಗಳಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದವು. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಈಗಲೂ ಇದೆ. ಕೊಳವೆಬಾವಿ ಬಂದ ಮೇಲೆ ತೆಂಗು ಗುಡ್ಡದ ಬುಡದವರೆಗೆ ಏರಿತು. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿ, ಬಾಗೂರು ನವಿಲೆಯ ಸುರಂಗ ಹಾದು ತುಮಕೂರು ಸೀಮೆಗೆ ಬಂದು ಕೆಲವು ಕೆರೆಗಳನ್ನು ತುಂಬಿತು. ನಾಲೆಯ ನೀರು ಮುಟ್ಟದ ಕಡೆ ರೈತರು ನೆಲವನ್ನು ಆಳ ಆಳಕ್ಕೆ ಕೊರೆಯುತ್ತ ಹೋದರು. ನೂರಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿಗೂ ಸಿಗದಂತಾದ ಹಳ್ಳಿಗಳಿವೆ. ಅದರ ಮೇಲೆ ನುಸಿ ಬಂತು, ಕಾಂಡದಿಂದ ರಸ ಸೋರುವ ರೋಗ ಬಂತು, ಗರಿ ತಿನ್ನುವ ಕಪ್ಪುತಲೆ ಹುಳು ಬಂತು, 2016ರ ನಂತರ ಸುರುಳಿ ಬಿಳಿನೊಣ ಬಂತು. ಸುಳಿ ಒಣಗಿ ಕಂಬದಂತೆ ನಿಂತ ಮರಗಳ ಸಾಲನ್ನು ನೋಡುವುದು ಬಹಳ ಸಂಕಟದ ಕೆಲಸ. ಮೂವತ್ತು ನಲವತ್ತು ವರ್ಷ ಮನೆಯನ್ನು ಸಾಕಿದ ಮರ ಅದು. ಅದರ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಮತ್ತೆ ಆರೇಳು ವರ್ಷ ಬೇಕು.

ಈಗ ಬೆಲೆಗೆ ಬರೋಣ. 2022ರ ಆರಂಭದಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 17,000 ರೂಪಾಯಿಯ ಮೇಲಿತ್ತು. 2023ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ 11,750 ರೂಪಾಯಿ. ಆ ವರ್ಷ ಮಾರುಕಟ್ಟೆ ಬೆಲೆ 8,000ದ ಆಸುಪಾಸಿಗೆ ಕುಸಿಯಿತು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಅದರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಕೇಂದ್ರದ ಪರವಾಗಿ ಕೊಳ್ಳುವ ನಾಫೆಡ್ ಮೂಲಕ ಖರೀದಿಗೆ ನೋಂದಣಿ ಶುರುವಾದಾಗ ರೈತರು ರಾತ್ರಿಯಿಡೀ ಸಾಲಿನಲ್ಲಿ ಮಲಗಿದರು. ಕೆಲವೇ ದಿನಗಳಲ್ಲಿ ಮಿತಿ ಮುಗಿದುಹೋಯಿತು. ಅಕ್ರಮದ ದೂರು ಬಂದು ಆ ನೋಂದಣಿಯೇ ರದ್ದಾಗಿ, ಮತ್ತೆ ಮೊದಲಿನಿಂದ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಬೇಕಾಯಿತು. ಹೀಗೆ ಎರಡೆರಡು ಸಲ ಸಾಲು ನಿಲ್ಲಲು ಪುರುಸೊತ್ತಿಲ್ಲದ, ಸಾಲಗಾರರ ಒತ್ತಡ ತಾಳಲಾರದ ಸಣ್ಣ ರೈತ ಅಷ್ಟರಲ್ಲಿ ತನ್ನ ಕೊಬ್ಬರಿಯನ್ನು ಸಿಕ್ಕ ಬೆಲೆಗೆ ಮಾರಿ ಮುಗಿಸಿದ್ದ.

ಮರುವರ್ಷ, 2025ರಲ್ಲಿ, ಏನಾಯಿತು ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಅದರ ಪೆಟ್ಟು ಗೊನೆಗೆ ತಟ್ಟಿ ಕಾಯಿ ಕಡಿಮೆಯಾಯಿತು. 2025ರ ನಡುವಿನ ಹೊತ್ತಿಗೆ ಕೊಬ್ಬರಿ ಕ್ವಿಂಟಲ್‌ಗೆ 25,000 ರೂಪಾಯಿ ದಾಟಿತು. ದಾಖಲೆಯ ಬೆಲೆ ಎಂದು ಎಲ್ಲರೂ ಬರೆದರು. ದಾಖಲೆಯ ಬೆಲೆ ಬಂದಾಗ ಅಟ್ಟದಲ್ಲಿ ಕಾಯಿ ಎಷ್ಟಿತ್ತು ಎಂದು ಕೇಳಿದವರು ಕಡಿಮೆ. ದೊಡ್ಡ ತೋಟದವರು, ಕೂಡಿಟ್ಟ ವರ್ತಕರು ಲಾಭ ಕಂಡರು. ಹಿಂದಿನ ವರ್ಷವೇ ಅಟ್ಟ ಬರಿದು ಮಾಡಿಕೊಂಡವರ ಪಾಲಿಗೆ ಅದು ಪತ್ರಿಕೆಯ ಸುದ್ದಿಯಾಗಿಯೇ ಉಳಿಯಿತು.

ಖರೀದಿ ಕೇಂದ್ರವನ್ನು ವರ್ಷದಲ್ಲಿ ಕೆಲವು ವಾರ ತೆರೆದು, ಎಕರೆಗೆ ಇಷ್ಟು, ಒಬ್ಬರಿಗೆ ಇಷ್ಟು ಎಂದು ಮಿತಿ ಹಾಕಿ ಮುಚ್ಚುವ ಪದ್ಧತಿ ಭತ್ತಕ್ಕೆ, ತೊಗರಿಗೆ ಒಪ್ಪಬಹುದು. ಅವಕ್ಕೊಂದು ಸುಗ್ಗಿ ಇದೆ. ಕೊಬ್ಬರಿಗೆ ಸುಗ್ಗಿ ಇಲ್ಲ, ಅದು ವರ್ಷವಿಡೀ ಒಣಗುತ್ತದೆ, ವರ್ಷವಿಡೀ ಮಾರಾಟವಾಗುತ್ತದೆ. ಹಾಗಾಗಿ ಖರೀದಿ ಕೇಂದ್ರವೂ ವರ್ಷವಿಡೀ ತೆರೆದಿರಬೇಕು. ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದ ವಾರವೇ ಅದು ಕೊಳ್ಳಲು ನಿಲ್ಲಬೇಕು. ಬಾಗಿಲು ಯಾವಾಗಲೂ ತೆರೆದಿದೆ ಎಂದು ಗೊತ್ತಿದ್ದರೆ ಯಾರೂ ರಾತ್ರಿ ಸಾಲಿನಲ್ಲಿ ಮಲಗುವುದಿಲ್ಲ, ಬೇರೆಯವರ ಹೆಸರಿನಲ್ಲಿ ನೋಂದಾಯಿಸುವ ದಂಧೆಗೂ ಜಾಗ ಇರುವುದಿಲ್ಲ. ಇದರ ಜೊತೆಗೆ, ಅಟ್ಟದಲ್ಲಿರುವ ಕಾಯಿಯ ಆಧಾರದ ಮೇಲೆ ಸಹಕಾರ ಸಂಘ ಸಾಲ ಕೊಡುವಂತಾಗಬೇಕು. ಮಂಡಿಯ ಮುಂಗಡದ ಹಂಗು ತಪ್ಪಿದರೆ ರೈತನಿಗೆ ಕಾಯುವ ಶಕ್ತಿ ಮರಳಿ ಬರುತ್ತದೆ.

ಇನ್ನೊಂದು ಬದಲಾವಣೆಯನ್ನು ಕಳವಳದಿಂದಲೇ ಹೇಳಬೇಕು. ಎಳನೀರಿಗೆ, ಹಸಿ ಕಾಯಿಗೆ ಒಳ್ಳೆಯ ಬೆಲೆ ಬಂದಾಗ ವ್ಯಾಪಾರಿಯೇ ತೋಟಕ್ಕೆ ಬಂದು, ತಾನೇ ಕೀಳಿಸಿಕೊಂಡು, ಕೈಗೆ ದುಡ್ಡು ಕೊಟ್ಟು ಹೋಗುತ್ತಾನೆ. ರೈತನಿಗೆ ಒಂದು ವರ್ಷ ಕಾಯುವ ರಗಳೆ ಇಲ್ಲ, ಇಲಿಯ ಕಾಟ ಇಲ್ಲ, ಸುಲಿಯುವ ಕೂಲಿ ಇಲ್ಲ. ಒಬ್ಬ ರೈತ ಹಾಗೆ ಮಾಡಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಊರಿನ ಅಟ್ಟಗಳೆಲ್ಲ ಹಾಗೆ ಬರಿದಾದರೆ ಸುಲಿಯುವವರ ಕೆಲಸ ಹೋಗುತ್ತದೆ, ನಾರಿನ ಮಿಲ್ಲಿಗೆ ಸಿಪ್ಪೆ ಸಿಗುವುದಿಲ್ಲ, ಮಂಡಿಯಲ್ಲಿ ಆರಿಸುವ ಹೆಂಗಸರಿಗೆ ವಾರದ ಎರಡು ದಿನದ ಸಂಬಳ ತಪ್ಪುತ್ತದೆ. ಎಳನೀರಿನ ಲಾರಿ ಬೆಂಗಳೂರು ಸೇರಿದ ಮೇಲೆ ಅದರ ಬುರುಡೆಯೂ ಅಲ್ಲಿನ ಕಸವಾಗುತ್ತದೆ. ಇಲ್ಲಿ ಅದೇ ಸಿಪ್ಪೆ ಯಾರದೋ ಮನೆಯ ಒಲೆ ಹಚ್ಚುತ್ತಿತ್ತು. ಸಣ್ಣ ಊರು ಉಳಿಯುವುದು ಬೆಳೆದ ಪದಾರ್ಥ ಆ ಊರಿನಲ್ಲೇ ಹಲವು ಕೈ ದಾಟಿದಾಗ. ತೋಟದಿಂದ ನೇರ ಹೆದ್ದಾರಿ ಹತ್ತಿದರೆ ಊರು ಬರೀ ಬಸ್ ನಿಲ್ಲುವ ಜಾಗವಾಗುತ್ತದೆ.

ಕೈಗಳ ಮಾತು ಬಂದಾಗ ಮರ ಹತ್ತುವವರನ್ನು ನೆನೆಯದೆ ಇರಲಾರೆ. ಅರವತ್ತು ಎಪ್ಪತ್ತು ಅಡಿ ಎತ್ತರದ ಮರವನ್ನು ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತಿ, ಸೊಂಟದ ಮಚ್ಚು ತೆಗೆದು ಗೊನೆ ಕಡಿಯುವ ಕೆಲಸ. ಮಳೆಗಾಲದಲ್ಲಿ ಕಾಂಡ ಜಾರುತ್ತದೆ. ಒಣ ಗರಿ ಹಿಡಿದರೆ ಕಳಚಿ ಬರುತ್ತದೆ. ಸುಳಿಯಲ್ಲಿ ಕಣಜ, ಹಾವು ಇರುತ್ತವೆ. ಬಿದ್ದವರಲ್ಲಿ ಹಲವರು ಸಾಯುತ್ತಾರೆ, ಬದುಕಿದವರಲ್ಲಿ ಹಲವರು ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿಯುತ್ತಾರೆ. ಹೊಸ ಹುಡುಗರು ಈ ಕೆಲಸಕ್ಕೆ ಬರುತ್ತಿಲ್ಲವೆಂದು ತೋಟದವರು ಗೊಣಗುವುದನ್ನು ಎಲ್ಲ ಕಡೆ ಕೇಳುತ್ತೇನೆ. ತಂದೆ ಬಿದ್ದದ್ದನ್ನು ಕಂಡ ಮಗ ಯಾಕೆ ಬರುತ್ತಾನೆ? ಸುಲಿಯುವವರ ಪಾಡೂ ಅಷ್ಟೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಸಾವಿರದ ಲೆಕ್ಕದಲ್ಲಿ ಕಾಯಿ ಚುಚ್ಚಿ ತಿರುವುವ ತೋಳು, ಸೊಂಟ ಐವತ್ತಕ್ಕೇ ಸೋತಿರುತ್ತವೆ. ಕೂಲಿ ಕಾಯಿಯ ಎಣಿಕೆಯ ಮೇಲೆ. ರಜೆ, ಪಿಂಚಣಿ ಎಂಬ ಮಾತೇ ಇಲ್ಲ.

ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ಇದೆ. ಮರ ಹತ್ತುವವರಿಗಾಗಿಯೇ ರೂಪಿಸಿದ್ದು. ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ನಿಮಗೆ ತೆಂಗಿನ ತೋಟವಿದ್ದು, ನಿಮ್ಮ ಮರ ಹತ್ತಲು ಯಾರಾದರೂ ಬರುತ್ತಿದ್ದರೆ, ಅವರ ಹೆಸರು ಅದರಲ್ಲಿದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಅರ್ಜಿ ನೀವೇ ತುಂಬಿಕೊಡಿ, ಅವರ ಪಾಲಿನ ಕಂತನ್ನೂ ನೀವೇ ಕಟ್ಟಿ. ಮುಂದಿನ ಸಲ ಕಾಯಿ ಕೀಳಿಸುವ ಮುನ್ನ ಈ ಕೆಲಸ ಆಗಲಿ.